ಮಣಿಸರದಿಂದ ಗುಳಿಗೆಯವರೆಗೆ

ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು 1930ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದವು. ಆ ವರ್ಷ ಸಂಸ್ಥಾನದ ಸರ್ಕಾರ ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ಇಂಥ ಹೆಜ್ಜೆಯಿಟ್ಟದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ.

1935ರಲ್ಲಿ ಶಿಕಾಗೊದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಹಿಳೆಯರ ವಿವರ ಪ್ರಕಟಿಸಿದರು. ಅವರ ಮುಟ್ಟು ಕ್ರಮ ತಪ್ಪಿತ್ತು. ಅಂಡಾಶಯಗಳು ಹಿಗ್ಗಿ, ಹಲವು ಸಣ್ಣ ಕೋಶಗಳಿಂದ ತುಂಬಿದ್ದವು. ಇದೇ ಇಂದಿನ ಪಿಸಿಓಎಸ್.

1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ 'ಸುರಕ್ಷಿತ ದಿನ'ಗಳ ಪ್ರಯೋಗ ಆರಂಭವಾಯಿತು. ದಿನ ಎಣಿಸಲು ಬಣ್ಣದ ಮಣಿಗಳ ಸರ ಬಳಸಲಾಯಿತು. ಆದರೆ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರಿಗೆ ಈ ಎಣಿಕೆ ಹೊಂದದು. ಅಂಡಾಣು ಯಾವಾಗ ಬಿಡುಗಡೆಯಾಗುವುದೆಂದು ಊಹಿಸುವುದು ಕಷ್ಟ. ಮುಟ್ಟು ತಪ್ಪುವವರಿಗೆ ಗರ್ಭ ನಿಲ್ಲದೆಂಬ ನಂಬಿಕೆಯೂ ಸರಿಯಲ್ಲ.

1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಒಪ್ಪಿಗೆ ಪಡೆದ ಸಂಯುಕ್ತ ಹಾರ್ಮೋನು ಗುಳಿಗೆ ಇಲ್ಲಿ ಎರಡು ಕೆಲಸ ಮಾಡುತ್ತದೆ. ಗರ್ಭ ತಡೆಯುವುದರ ಜೊತೆಗೆ ರಕ್ತಸ್ರಾವವನ್ನು ಕ್ರಮಕ್ಕೆ ತಂದು, ಗರ್ಭಾಶಯದ ಒಳಪದರ ಅತಿಯಾಗಿ ಬೆಳೆಯದಂತೆ ಕಾಯುತ್ತದೆ. ಮೊಡವೆ, ಅನಗತ್ಯ ಕೂದಲನ್ನೂ ತಗ್ಗಿಸುತ್ತದೆ. ಆದರೆ ಪಿಸಿಓಎಸ್ ಅನ್ನು ಬೇರುಸಹಿತ ಕೀಳದು. ರಕ್ತದೊತ್ತಡ ಹೆಚ್ಚಿರುವವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಸಲ್ಲದು. ತಾಮ್ರದ ವಂಕಿ ಗರ್ಭ ತಡೆಯುತ್ತದೆ, ಮುಟ್ಟನ್ನು ಸರಿಪಡಿಸದು.

ಆದ್ದರಿಂದ ಜಗಳೂರಿರಲಿ, ಹೊನ್ನಾಳಿಯಿರಲಿ, ಆಸ್ಪತ್ರೆಗೆ ಹೋದಾಗ ಮಕ್ಕಳೆಷ್ಟು ಎಂದು ಹೇಳಿದರೆ ಸಾಲದು. ಮುಟ್ಟಿನ ಅಂತರವನ್ನೂ ಹಿಂದಿನ ಕಾಯಿಲೆಗಳನ್ನೂ ತಿಳಿಸಿ, ರಕ್ತದೊತ್ತಡ ಅಳೆಸಿಕೊಂಡ ಮೇಲೆಯೇ ವಿಧಾನವನ್ನು ಆರಿಸಿಕೊಳ್ಳಬೇಕು.