ಪರಿಧಮನಿಯ ಗಾತ್ರ

ಪರಿಧಮನಿಯ ಗಾತ್ರ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ಪರಿಧಮನಿಗಳ ಒಳವ್ಯಾಸ. ಇದನ್ನು ಸಾಮಾನ್ಯವಾಗಿ ಆಂಜಿಯೋಗ್ರಾಮ್ ಮೂಲಕ ಮಿಲಿಮೀಟರ್‌ಗಳಲ್ಲಿ ಅಳೆಯಲಾಗುತ್ತದೆ.

ಲಿಂಗ ಮತ್ತು ದೇಹದ ಗಾತ್ರ

ದೊಡ್ಡ ದೇಹದವರಲ್ಲಿ ಪರಿಧಮನಿಗಳು ಅಗಲವಾಗಿರುತ್ತವೆ. ಆದರೆ ಸ್ತ್ರೀ-ಪುರುಷರ ನಡುವಿನ ಅಂತರಕ್ಕೆ ಇದೊಂದೇ ಕಾರಣವಲ್ಲ. 1992ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ಮೇಲ್ಮೈ ವಿಸ್ತೀರ್ಣಕ್ಕೆ ಹೊಂದಿಸಿ ನೋಡಿದಾಗಲೂ ಮಹಿಳೆಯರ ಪರಿಧಮನಿಗಳು ಸುಮಾರು ಶೇ. 9ರಷ್ಟು ಕಿರಿದಾಗಿದ್ದವು, ಅದರಲ್ಲಿದ್ದ ಮಹಿಳೆಯರ ಸಂಖ್ಯೆ ಮಾತ್ರ ಕಡಿಮೆ. ಭಾರತೀಯರ ರಕ್ತನಾಳಗಳೇ ಸಣ್ಣವು ಎಂಬ ಮಾತು ಪ್ರಚಲಿತವಾಗಿದ್ದರೂ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಹಲವು ಅಧ್ಯಯನಗಳಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಮರೆಯಾಗುತ್ತದೆ.

ಅಪಾಯಕಾರಿ ಅಂಶಗಳು

ಮಧುಮೇಹಿಗಳಲ್ಲಿ ಪರಿಧಮನಿಗಳು ಉದ್ದಕ್ಕೂ ಕಿರಿದಾಗಿರುವುದು ಹೆಚ್ಚು. ಅಧಿಕ ರಕ್ತದೊತ್ತಡದಿಂದ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾದವರಲ್ಲಿ ಅವು ಹಿಗ್ಗುತ್ತವೆ. ಆದ್ದರಿಂದ ಅಗಲವಾದ ನಾಳ ಆರೋಗ್ಯದ ಲಕ್ಷಣವೆಂದು ಹೇಳಲಾಗದು. ಕೊಬ್ಬಿನ ಶೇಖರಣೆಯ ಆರಂಭದಲ್ಲಿ ನಾಳದ ಗೋಡೆ ಹೊರಕ್ಕೆ ಹಿಗ್ಗಿ ಒಳದಾರಿಯನ್ನು ಉಳಿಸಿಕೊಳ್ಳುವುದರಿಂದ, ಆಂಜಿಯೋಗ್ರಾಮ್‌ನಲ್ಲಿ ರೋಗ ಕಾಣದೇ ಹೋಗಬಹುದು.

ಚಿಕಿತ್ಸೆಯಲ್ಲಿ ಮಹತ್ವ

ಒಂದೇ ದಪ್ಪದ ಶೇಖರಣೆ ಕಿರಿದಾದ ನಾಳದ ಹೆಚ್ಚು ಭಾಗವನ್ನು ಮುಚ್ಚುತ್ತದೆ. ಸಣ್ಣ ನಾಳಗಳಲ್ಲಿ ಸ್ಟೆಂಟ್ ಅಳವಡಿಸಿದ ಬಳಿಕ ಮತ್ತೆ ಕಿರಿದಾಗುವ ಸಾಧ್ಯತೆ ಹೆಚ್ಚು. ಬೈಪಾಸ್ ಹೊಲಿಗೆಯೂ ಕಷ್ಟ. ತುಮಕೂರು, ಗುಬ್ಬಿ, ಕುಣಿಗಲ್ ಭಾಗದವರಿಗೆ ಸಮೀಪದ ದೊಡ್ಡ ಸರ್ಕಾರಿ ಹೃದ್ರೋಗ ಕೇಂದ್ರವೆಂದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರವಿದ್ದು, ಗುಬ್ಬಿಯವರಿಗೆ ಅದು ಇನ್ನೂ ಹೆಚ್ಚು. ಹೃದಯಾಘಾತದಲ್ಲಿ ಈ ಪ್ರಯಾಣದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಮಹಿಳೆಯರಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಬ್ಬಸ, ಸುಸ್ತು, ಬೆನ್ನು ಅಥವಾ ದವಡೆಯ ನೋವು ಕಾಣಿಸಿಕೊಳ್ಳುವುದರಿಂದ ‘ಗ್ಯಾಸ್ಟ್ರಿಕ್’ ಎಂದುಕೊಂಡು ಹೊರಡುವುದೇ ತಡವಾಗುವುದುಂಟು.