ಎರಡೂ ತುದಿಯಿಂದ ಬರೆದ ದಫ್ತರ

ಉಜ್ಬೆಕ್ ಪಾಠ ಶುರುವಾದ ಮೊದಲ ವಾರವೇ ನಾನು ನಗೆಪಾಟಲಾದೆ. ಆನ್‌ಲೈನಿನಲ್ಲಿ ಕಲಿಸುತ್ತಿದ್ದ ಶಿಕ್ಷಕಿಯ ಹಿಂದೆ ಯಾರೋ ಹಾದುಹೋದಂತಾಯಿತು. 'ನನ್ನ ಅಕ' ಎಂದರು ಅವರು. ನಾನು ಹಿಗ್ಗಿ, 'ನಮ್ಮ ಭಾಷೆಯಲ್ಲೂ ಇದೇ ಪದವಿದೆ, ನಿಮ್ಮ ಅಕ್ಕನಿಗೆ ನಮಸ್ಕಾರ ತಿಳಿಸಿ' ಎಂದೆ. ಪೊದೆಮೀಸೆಯ ಗಂಡಸೊಬ್ಬರು ಪರದೆಯೊಳಗೆ ಇಣುಕಿ ಕೈ ಬೀಸಿದರು. ಉಜ್ಬೆಕ್‌ನಲ್ಲಿ 'ಅಕ' ಎಂದರೆ ಅಣ್ಣ. ಅಕ್ಕನಿಗೆ 'ಓಪ'. ಅಂದಿನಿಂದ ನನ್ನ ಶಿಕ್ಷಕಿ ನನಗೆ ಓಪ ಆದರು.

ವಿಜಯಪುರದ ಕಡೆಯ ಹುಡುಗಿ ಉಜ್ಬೆಕ್ ಯಾಕೆ ಕಲಿಯಬೇಕು ಎಂದು ಮನೆಯವರೂ ಕೇಳಿದರು, ಹಾಸ್ಟೆಲಿನವರೂ ಕೇಳಿದರು. ನನ್ನ ಪಿಎಚ್.ಡಿ ವಿಷಯ, 1920ರ ದಶಕದ ಮಧ್ಯ ಏಷ್ಯಾದ ಲೇಖಕರು ಭಾರತವನ್ನು ಹೇಗೆ ಕಂಡರು ಎಂಬುದು. ತಾಷ್ಕೆಂಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1966ರ ಜನವರಿ, ಲಾಲ್ ಬಹಾದ್ದೂರ್ ಶಾಸ್ತ್ರಿಗಳ ಸಾವು. ಆದರೆ ಎಂ. ಎನ್. ರಾಯ್ ಮತ್ತು ಸಂಗಡಿಗರು 1920ರ ಅಕ್ಟೋಬರ್‌ನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷವನ್ನು ಕಟ್ಟಿದ್ದೂ ಅದೇ ಊರಿನಲ್ಲಿ. ಅದೇ ಹೊತ್ತಿನಲ್ಲಿ ಬುಖಾರಾದ ಅಬ್ದುರವೂಫ್ ಫಿತ್ರತ್ ಎಂಬ ಲೇಖಕ ಬ್ರಿಟಿಷರ ವಿರುದ್ಧದ ಭಾರತೀಯರ ಹೋರಾಟವನ್ನು ವಸ್ತುವಾಗಿಟ್ಟುಕೊಂಡು ನಾಟಕ ಬರೆಯುತ್ತಿದ್ದ. ಅವುಗಳಲ್ಲೊಂದಾದ 'ಹಿಂದ್ ಇಖ್ತಿಲೊಲ್ಚಿಲರಿ', ಅಂದರೆ 'ಹಿಂದೂಸ್ತಾನದ ಬಂಡುಕೋರರು', 1923ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಯಿತು. ನಮ್ಮ ಬಗ್ಗೆ ಬರೆದವನನ್ನು ಅವನ ಮಾತಿನಲ್ಲೇ ಓದಬೇಕು, ಮೂರನೆಯವರ ವರದಿ ನಂಬಿ ಪ್ರಬಂಧ ಬರೆಯಬೇಡ ಎಂದರು ನನ್ನ ಮಾರ್ಗದರ್ಶಕರು. ಹಾಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಒಂದನೇ ಇಯತ್ತೆಗೆ ಸೇರಿದೆ.

ವ್ಯಾಕರಣ ನನ್ನನ್ನು ಹೆದರಿಸಲಿಲ್ಲ, ಬದಲಿಗೆ ಮನೆಗೆ ಕರೆದಂತಿತ್ತು. 'ಮೆನ್ ಕಿತೊಬ್ ಓಕಿಯ್‌ಮನ್' ಎಂದರೆ 'ನಾನು ಪುಸ್ತಕ ಓದುತ್ತೇನೆ'. ಪದಕ್ಕೆ ಪದ, ಅದೇ ಸಾಲು. ಕ್ರಿಯಾಪದದ ಒಳಗೂ ಅದೇ ಕ್ರಮ: ಮೊದಲು ಓದು, ಆಮೇಲೆ ಕಾಲ, ಕೊನೆಗೆ ಓದುವವಳು. 'ಕಿತೊಬ್‌ಲರ್‌ದ' ಎಂದರೆ ಪುಸ್ತಕ-ಗಳ-ಲ್ಲಿ. ನನಗೆ ಮೈ ಜುಮ್ಮೆಂದದ್ದು ಇನ್ನೊಂದು ಪಾಠದಲ್ಲಿ. 'ಯೊಜಿಬ್' ಎಂದರೆ ಬರೆದು. ಅದರ ಮುಂದೆ 'ತೆಗೆದುಕೊಳ್ಳು' ಎಂಬ ಅರ್ಥದ ಕ್ರಿಯಾಪದ ಇಟ್ಟು 'ಯೊಜಿಬ್ ಒಲ್ದಿಮ್' ಎಂದರೆ ಬರೆದುಕೊಂಡೆ. 'ಕೊಡು' ಎಂಬುದನ್ನಿಟ್ಟು 'ಯೊಜಿಬ್ ಬೆರ್ದಿಮ್' ಎಂದರೆ ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ವಿವರಿಸಲು ಓಪ ಒದ್ದಾಡುತ್ತಿದ್ದರೆ ನಾನು ಆಗಲೇ ತಲೆಯಾಡಿಸುತ್ತಿದ್ದೆ.

ಹೀಗೆ ಬೆರಗಾದವಳು ನಾನು ಮೊದಲಿಗಳೇನಲ್ಲ. ರಾಬರ್ಟ್ ಕಾಲ್ಡ್‌ವೆಲ್ 1856ರ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ನಮ್ಮ ಭಾಷೆಗಳಿಗೂ ತಾನು 'ಸಿಥಿಯನ್' ಎಂದು ಕರೆದ ಗುಂಪಿಗೂ ನಂಟಿದೆ ಎಂದು ವಾದಿಸಿದ್ದ. ತುರ್ಕಿ ಭಾಷೆಗಳು ಆ ಗುಂಪಿನೊಳಗಿದ್ದವು. ಇಂದಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಕಟ್ಟುವ ಬಗೆ ಒಂದೇ ಆದ ಮಾತ್ರಕ್ಕೆ ಮನೆತನ ಒಂದೇ ಆಗುವುದಿಲ್ಲ. ಆದರೂ ಹೊಸದಾಗಿ ಕಲಿಯುವವಳಿಗೆ ಆ ಹೋಲಿಕೆ ದೊಡ್ಡ ಆಸರೆ.

ಪದಗಳ ಕಥೆ ಬೇರೆ. ಪಾರಸಿ, ಅರಬ್ಬಿಯಿಂದ ಅಲ್ಲಿಗೂ ಹೋಗಿ, ಸುಲ್ತಾನರ ಆಡಳಿತದ ಕಾಲದಲ್ಲಿ ನಮ್ಮಲ್ಲಿಗೂ ಬಂದ ಪದಗಳು ಸಾಲುಸಾಲಾಗಿ ಸಿಗುತ್ತವೆ. ಬಜಾರು ಬೊಜೊರ್, ದರವಾಜ ದರ್ವೊಜ, ವಕೀಲ ವಕಿಲ್, ಲಾಲ್‌ಬಾಗಿನ ಬಾಗ್ ಅಲ್ಲಿ ಬೊಗ್. ಆದರೆ ದಾರಿಯಲ್ಲಿ ಕೆಲವು ಅರ್ಥ ಬದಲಿಸಿಕೊಂಡಿವೆ. 'ಸಬ್ಜಿ' ಕೇಳಿದರೆ ಗಜ್ಜರಿ ಕೊಡುತ್ತಾರೆ. 'ತಕ್ಲಿಫ್' ಎಂದರೆ ತೊಂದರೆಯಲ್ಲ, ಆಹ್ವಾನ. ನಾವು ಕಡತ, ಕಚೇರಿಗಳಿಗೆ ಬಳಸುವ ದಫ್ತರ ಅಲ್ಲಿ ಶಾಲೆಯ ನೋಟ್‌ಬುಕ್ಕು. ನಮ್ಮ ತಾರೀಖು ಅಲ್ಲಿ 'ತರಿಖ್', ಅಂದರೆ ಚರಿತ್ರೆ. ನನ್ನ ವಿಷಯ 'ತರಿಖ್' ಎಂದು ಹೇಳಿಕೊಳ್ಳುವಾಗಲೆಲ್ಲ ಕ್ಯಾಲೆಂಡರಿನ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದಂತೆ ನನ್ನ ಕಿವಿಗೇ ಕೇಳುತ್ತಿತ್ತು.

ಎಂಟು ತಿಂಗಳು ಕಳೆದ ಮೇಲೆ ನಾನು ಸಣ್ಣ ಕಥೆ ಓದಬಲ್ಲವಳಾಗಿದ್ದೆ. ಆಗ ಫಿತ್ರತ್ ಕಾಲದ ಮುದ್ರಣದ ಒಂದು ಪುಟ ತೆರೆದು ನೋಡಿದೆ. ಒಂದಕ್ಷರವೂ ನಾನು ಕಲಿತದ್ದಲ್ಲ. ನಾನು ಕಲಿತಿದ್ದು ಲ್ಯಾಟಿನ್ ಲಿಪಿಯ ಉಜ್ಬೆಕ್. ಎದುರಿಗಿದ್ದದ್ದು ಅರಬ್ಬಿ ಲಿಪಿ. ಫಿತ್ರತ್ ಬಗ್ಗೆ ಸೋವಿಯತ್ ಕಾಲದಲ್ಲಿ ಬರೆದದ್ದು ಸಿರಿಲಿಕ್‌ನಲ್ಲಿ, ಅಂದರೆ ರಷ್ಯನ್ ಅಕ್ಷರಗಳಲ್ಲಿ. ಒಂದು ಭಾಷೆ ಕಲಿಯಲು ಹೋದವಳಿಗೆ ಮೂರು ಬೀಗ.

ಇದರ ಚರಿತ್ರೆ ಹೀಗಿದೆ. ಇಂದಿನ ಉಜ್ಬೆಕ್‌ನ ಹಿಂದೆ ಚಗತಾಯ್ ಎಂಬ ಸಾಹಿತ್ಯ ಭಾಷೆ ಇದೆ. ಹೆರಾತ್‌ನ ಕವಿ ಅಲಿಶೇರ್ ನವಾಯಿ, ತುರ್ಕಿ ಭಾಷೆ ಪಾರಸಿಗಿಂತ ಕಡಿಮೆಯಲ್ಲ ಎಂದು ವಾದಿಸಿ 1499ರಲ್ಲಿ ಒಂದು ಗ್ರಂಥವನ್ನೇ ಬರೆದ. ಬಾಬರ್ ತನ್ನ ಆತ್ಮಕಥೆ ಬರೆದದ್ದೂ ಇದೇ ಭಾಷೆಯಲ್ಲಿ. ತಮಾಷೆಯೆಂದರೆ, ಬಾಬರನಿಗೆ 'ಉಜ್ಬೆಕರು' ಎಂದರೆ ಶೈಬಾನಿ ಖಾನನ ಪಡೆ, ತನ್ನನ್ನು ಸಮರ್‌ಖಂಡದಿಂದ ಓಡಿಸಿದ ಶತ್ರುಗಳು. 1924ರಲ್ಲಿ ಸೋವಿಯತ್ತರು ಗಡಿ ಎಳೆದು ಉಜ್ಬೆಕ್ ಗಣರಾಜ್ಯ ಮಾಡಿದರು. ಮುಂದೆ ಚಗತಾಯ್‌ಗೆ 'ಹಳೆಯ ಉಜ್ಬೆಕ್' ಎಂದು ಹೆಸರಾಯಿತು. ಬಾಬರ್ ಉಜ್ಬೆಕ್ ಸಾಹಿತ್ಯದ ಹಿರಿಯನಾದ.

ಲಿಪಿಯ ಕಥೆ ಇನ್ನೂ ಅವಸರದ್ದು. ಸ್ವರಗಳನ್ನು ಸ್ಪಷ್ಟವಾಗಿ ಬರೆಯುವಂತೆ ಅರಬ್ಬಿ ಲಿಪಿಯನ್ನು 1923ರಲ್ಲಿ ತಿದ್ದಿದರು. 1926ರಲ್ಲಿ ಬಾಕು ನಗರದಲ್ಲಿ ನಡೆದ ತುರ್ಕಿ ಭಾಷೆಗಳ ಮಹಾಸಭೆ ಲ್ಯಾಟಿನ್ ಪರ ನಿಂತಿತು, 1929ಕ್ಕೆ ಲ್ಯಾಟಿನ್ ಬಂತು. 1940ರಲ್ಲಿ ಅದನ್ನೂ ತೆಗೆದು ಸಿರಿಲಿಕ್ ತಂದರು. ದೇಶ ಸ್ವತಂತ್ರವಾದ ಮೇಲೆ 1993ರಲ್ಲಿ ಮತ್ತೆ ಲ್ಯಾಟಿನ್, ಅದೂ ಹಳೆಯ ಲ್ಯಾಟಿನ್ ಅಲ್ಲ. 1995ರಲ್ಲಿ ಅದಕ್ಕೂ ತಿದ್ದುಪಡಿ. ಇಂದಿಗೂ ತಾಷ್ಕೆಂಟ್‌ನ ಒಂದೇ ಬೀದಿಯಲ್ಲಿ ಒಂದು ಬೋರ್ಡು ಲ್ಯಾಟಿನ್‌ನಲ್ಲಿ, ಪಕ್ಕದ್ದು ಸಿರಿಲಿಕ್‌ನಲ್ಲಿ. ಈ ಬದಲಾವಣೆಗಳ ನಡುವೆ, 1938ರ ಅಕ್ಟೋಬರ್ 4ರಂದು, ಫಿತ್ರತ್, ಕವಿ ಚೋಲ್ಪೊನ್, ಮೊದಲ ಉಜ್ಬೆಕ್ ಕಾದಂಬರಿಯ ಕರ್ತೃ ಅಬ್ದುಲ್ಲ ಕೊದಿರಿ ಮೂವರನ್ನೂ ತಾಷ್ಕೆಂಟ್‌ನಲ್ಲಿ ಗುಂಡಿಕ್ಕಿ ಕೊಂದರು. ಅರಬ್ಬಿ ಲಿಪಿಯ ಪುಸ್ತಕ ಮನೆಯಲ್ಲಿದ್ದರೆ ಅನುಮಾನಕ್ಕೆ ಗುರಿಯಾಗುವ ಕಾಲ ಅದು. ಜನ ಅವನ್ನು ಸುಟ್ಟರು, ಹೂತರು, ಗೋಡೆಯೊಳಗಿಟ್ಟು ಮೆತ್ತಿದರು.

ಇದೆಲ್ಲ ನನಗೆ ಓದಿ ಗೊತ್ತಿತ್ತು. ಗೊತ್ತಿದ್ದದ್ದು ಅರ್ಥವಾದದ್ದು ತಾಷ್ಕೆಂಟಿಗೆ ಹೋದ ಮೇಲೆ.

ಹಳೇ ಊರಿನ ಒಂದು ಮಹಲ್ಲದಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದೆ. ನಮ್ಮ ಮೈಸೂರಿನ ಮೊಹಲ್ಲಾದಂತೆಯೇ ಅದೂ ಓಣಿ, ಬಾಗಿಲು, ಬಾಗಿಲಾಚೆ ಅಂಗಳ. ಅಂಗಳದ ಮೇಲೆ ದ್ರಾಕ್ಷಿ ಚಪ್ಪರ. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಬುವಿ, ಅಂದರೆ ಅಜ್ಜಿ, ಮತ್ತು ಕಾಲೇಜು ಓದುವ ಮೊಮ್ಮಗಳು. ಬುವಿ ಓದಿದ್ದು ಸಿರಿಲಿಕ್, ಮೊಮ್ಮಗಳು ಓದಿದ್ದು ಲ್ಯಾಟಿನ್. ಎಂ.ಎ ಓದುವಾಗ ದಖನಿಯ ಆಸೆಗೆ ನಾನು ಉರ್ದು ಲಿಪಿ ಕಲಿತಿದ್ದೆ ಎಂದು ಗೊತ್ತಾದ ಸಂಜೆ, ಬುವಿ ಸಂದೂಕದ ತಳದಿಂದ ಬಟ್ಟೆಯಲ್ಲಿ ಸುತ್ತಿದ ದಫ್ತರವೊಂದನ್ನು ತಂದರು. ಅವರ ತಂದೆಯದಂತೆ. 'ಓಕಿಬ್ ಬೆರಿಂಗ್, ಕಿಜಿಮ್' ಎಂದರು. ಓದಿಕೊಡಿ, ಮಗಳೇ.

ಬಲಗಡೆಯಿಂದ ತೆರೆದೆ. ಮೇಲೆ 'ಹಿಸೊಬ್' ಎಂದಿತ್ತು. ಹಿಸಾಬು, ಲೆಕ್ಕ. ಅದೊಂದು ನನಗೆ ತಾನಾಗಿಯೇ ತಿಳಿಯಿತು. ಹುಡುಗನೊಬ್ಬನ ಶಾಲೆಯ ಪುಸ್ತಕ, 1923ರ ತಿದ್ದಿದ ಲಿಪಿ. ಸ್ವರಗಳೆಲ್ಲ ಬರೆದಿದ್ದರಿಂದ ನನ್ನಂಥವಳೂ ತಡವರಿಸುತ್ತ ಓದಬಹುದಿತ್ತು. ಅಕ್ಷರ ಎಷ್ಟು ದುಂಡಗಿದ್ದವೆಂದರೆ ಮೊಮ್ಮಗಳು ಫೋನ್ ತೆಗೆದು ಫೋಟೋ ಹಿಡಿದಳು. ಲೆಕ್ಕದ ಪುಟಗಳಾದ ಮೇಲೆ ಯಾರು ಎಷ್ಟು ಧಾನ್ಯ ಒಯ್ದರು ಎಂಬ ಪಟ್ಟಿ. 'ಬುಗ್ದೊಯ್' ಎಂದು ಅರ್ಥ ತಿಳಿಯದೆ ಉಚ್ಚರಿಸಿದೆ. 'ಗೋಧಿ' ಎಂದು ಮೊಮ್ಮಗಳ ಮೂಲಕ ಬುವಿ ತಿಳಿಸಿದರು. ಹಾಗೇ ಸಾಗಿತು. ನನಗೆ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಬುವಿಗೆ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ.

ಬರಹ ಮುಗಿದು ಖಾಲಿ ಹಾಳೆಗಳು ಬಂದವು. ಮೊಮ್ಮಗಳು ದಫ್ತರವನ್ನು ತಿರುಗಿಸಿ ಎಡಗಡೆಯಿಂದ ತೆರೆದಳು. ಅಲ್ಲಿ 1930 ಎಂದು ಬರೆದು, ಕೆಳಗೆ ಪೆನ್ಸಿಲಿನಲ್ಲಿ ಲ್ಯಾಟಿನ್ ಅಕ್ಷರಗಳು. ದೊಡ್ಡವು, ಸೊಟ್ಟವು, ಒಂದೊಂದನ್ನೂ ಒತ್ತಿ ಬರೆದವು. ಆಮೇಲೆ ತನ್ನದೇ ಹೆಸರು, ಸಾಲಿನ ಮೇಲೆ ಸಾಲು. ಕೆಲವು ಅಕ್ಷರ ಈಗಿನ ಲ್ಯಾಟಿನ್‌ನಲ್ಲಿಲ್ಲ, ಮೊಮ್ಮಗಳು ಮುತ್ತಜ್ಜನ ಹೆಸರಿನಲ್ಲೇ ಎಡವಿದಳು. ಆಗ ಅವರಿಗೆ ಇಪ್ಪತ್ತು ವರ್ಷ. ಹದಿನಾಲ್ಕಕ್ಕೇ ದುಂಡಗೆ ಬರೆಯುತ್ತಿದ್ದವರು ಇಪ್ಪತ್ತಕ್ಕೆ ಅಕ್ಷರ ತಿದ್ದುತ್ತಿದ್ದರು. ಹತ್ತು ವರ್ಷ ಬಿಟ್ಟು ಸಿರಿಲಿಕ್ ಬಂದಾಗ ಮತ್ತೆ ಮೊದಲಿನಿಂದ.

ಬುವಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: 'ಅಪ್ಪನಿಗೆ ಓದು ಬರಹ ಅಷ್ಟಕ್ಕಷ್ಟೇ ಅಂತ ನಾವು ತಿಳಿದಿದ್ದೆವು. ಪೇಪರ್ ಬಂದರೆ ನನ್ನ ಕೈಗೆ ಕೊಟ್ಟು ಓದಿಸುತ್ತಿದ್ದರು. ಸಹಿ ಮಾಡಲಿಕ್ಕೆ ಎಷ್ಟು ಹೊತ್ತು ಬೇಕಾಗುತ್ತಿತ್ತು ಅಂದರೆ, ನನಗೆ ನಾಚಿಕೆಯಾಗುತ್ತಿತ್ತು.'

ನನಗೂ ನಾಚಿಕೆಯಾಯಿತು, ಬೇರೆ ಕಾರಣಕ್ಕೆ. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ 'ಆಗ ಬಹುಪಾಲು ನಿರಕ್ಷರರಾಗಿದ್ದ ಜನ' ಎಂದು ವರದಿಯೊಂದರ ಮಾತನ್ನು ಹಾಗೆಯೇ ಎತ್ತಿಟ್ಟಿದ್ದೆ. ಓದು ಬಾರದವರು ಬಹಳ ಜನ ಇದ್ದರು, ಸೋವಿಯತ್ ಶಾಲೆಗಳು ಲಕ್ಷಾಂತರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟವು, ಎರಡೂ ನಿಜ. ಬುವಿಯೇ ಅದಕ್ಕೆ ಸಾಕ್ಷಿ. ಆದರೆ ಹಳೆಯ ಲಿಪಿ ಬಲ್ಲವನೂ ಹೊಸ ಲಿಪಿ ಬಾರದಿದ್ದರೆ ಅದೇ ಅಕ್ಷರಾಭ್ಯಾಸದ ತರಗತಿಯಲ್ಲಿ ಕೂರಬೇಕಿತ್ತು. ಆ ರಾತ್ರಿ ಲ್ಯಾಪ್‌ಟಾಪ್ ತೆರೆದು ಆ ವಾಕ್ಯದ ಪಕ್ಕ 'ಯಾವ ಲಿಪಿಯಲ್ಲಿ?' ಎಂದು ಬರೆದೆ. ಅಧ್ಯಾಯವನ್ನು ಈಗ ಮತ್ತೆ ಬರೆಯುತ್ತಿದ್ದೇನೆ.

ನಾನು ಬೇಕೆಂದು, ಸ್ಕಾಲರ್‌ಶಿಪ್ ದುಡ್ಡಿನಲ್ಲಿ, ತಪ್ಪು ಮಾಡಿ ನಗುತ್ತಾ ಈ ಭಾಷೆಯ ಹೊಸ ವಿದ್ಯಾರ್ಥಿನಿಯಾದೆ. ಆ ಮನುಷ್ಯ ಯಾರೂ ಕೇಳದೆ, ಒಂದೇ ಆಯುಷ್ಯದಲ್ಲಿ ಮೂರು ಸಲ, ತನ್ನ ತಾಯಿಮಾತಿಗೇ ಹೊಸ ವಿದ್ಯಾರ್ಥಿಯಾದರು.

ಊರಿಗೆ ಫೋನ್ ಮಾಡಿದೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಗಳಿರುತ್ತವೆ. ನಮ್ಮ ಅಟ್ಟದ ಟ್ರಂಕಿನಲ್ಲೂ ಮುತ್ತಜ್ಜನ ಕಾಲದ ಒಂದು ಕಟ್ಟಿದೆ. ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ಇದ್ದಾವೇನು ಎಂದು ಅಪ್ಪನನ್ನು ಕೇಳಿದೆ.

'ಅದಾವ ನೋಡು. ಈ ಸಲ ಸುಣ್ಣ ಹಚ್ಚೂ ಮುಂದ ತಗದು ಒಗೀಬೇಕಂತ ಮಾಡಿದ್ದೆ. ಅದ್ರಾಗ ಏನಿರತೈತಿ, ಹೊಲದ ಲೆಕ್ಕ ಇರಬೇಕು.'

'ಲೆಕ್ಕನ ಇರಲಿ ಅಪ್ಪಾ, ಒಗೀಬ್ಯಾಡ್ರಿ. ನಾ ಬಂದು ನೋಡತೀನಿ' ಎಂದೆ.