ನಾರಾ: ಜೀರ್ಣೋದ್ಧಾರದ ನಗರ

ಜಪಾನಿನ ಸಂಸ್ಕೃತಿಗೆ ಮನಸೋತು ಆ ದೇಶಕ್ಕೆ ಹೊರಡುವವರು ನಮ್ಮಲ್ಲಿ ಈಗ ಅಪರೂಪವಲ್ಲ. ಕೆಲವರನ್ನು ಅಲ್ಲಿಯ ಹಾಯಿಕು ಸೆಳೆದಿರುತ್ತದೆ, ಕೆಲವರನ್ನು ಚಲನಚಿತ್ರಗಳು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರನ್ನು ಅನಿಮೆ ಸೆಳೆದಿದೆ. ನಾನು ಒಮ್ಮೆ ಹೋಗಿಬಂದವನೆಂದು ತಿಳಿದೊಡನೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಅಲ್ಲಿ ಮೊದಲು ನೋಡತಕ್ಕದ್ದು ಯಾವುದು, ಸಾರ್?” ಟೋಕಿಯೋವನ್ನೂ ಕ್ಯೋಟೋವನ್ನೂ ಯಾರೂ ಬಿಡುವುದಿಲ್ಲವಾದ್ದರಿಂದ ಅವುಗಳ ಮಾತನ್ನು ನಾನು ಎತ್ತುವುದಿಲ್ಲ. ನಾರಾ ನಗರಕ್ಕೆ ಹೋಗಿ, ಅಲ್ಲಿ ಮೂರು ದಿನವಾದರೂ ಇರಿ ಎನ್ನುತ್ತೇನೆ. ಕ್ಯೋಟೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬಹುಮಂದಿ ಪ್ರವಾಸಿಗರು ಬೆಳಗ್ಗೆ ಬಂದು, ಉದ್ಯಾನದ ಜಿಂಕೆಗಳಿಗೆ ಬಿಸ್ಕತ್ತು ತಿನ್ನಿಸಿ, ದೊಡ್ಡ ಬುದ್ಧನಿಗೆ ಕೈಮುಗಿದು ಸಂಜೆಗೆ ಹಿಂತಿರುಗುತ್ತಾರೆ. ಅಷ್ಟರಿಂದ ನಾರಾ ನೋಡಿದಂತಾಗುವುದಿಲ್ಲ.

ನಾರಾ 710ರಿಂದ 784ರವರೆಗೆ ಜಪಾನಿನ ರಾಜಧಾನಿಯಾಗಿತ್ತು. ಚೀನದ ಚಾಂಗಾನ್ ನಗರದ ಮಾದರಿಯಲ್ಲಿ ಚದುರಂಗದ ಮಣೆಯಂತೆ ಬೀದಿಗಳನ್ನು ಹಾಕಿ ಕಟ್ಟಿದ ಊರು ಅದು. ಬೌದ್ಧಧರ್ಮವು ಕೊರಿಯದ ಮೂಲಕ ಆ ದ್ವೀಪಗಳನ್ನು ಮುಟ್ಟಿದ್ದು ಅದಕ್ಕೂ ಮೊದಲೇ, 6ನೆಯ ಶತಮಾನದಲ್ಲಿ. ಆ ಮೊದಲ ಭಕ್ತಿಯ ಗುರುತನ್ನು ಕಾಣಬೇಕಾದರೆ ನಾರಾ ನಿಲ್ದಾಣದಿಂದ ಹತ್ತು ಹನ್ನೆರಡು ನಿಮಿಷ ರೈಲಿನಲ್ಲಿ ಹೋಗಿ, ಅಲ್ಲಿಂದ ಇಪ್ಪತ್ತು ನಿಮಿಷ ನಡೆದು ಹೋರ್ಯೂಜಿಯನ್ನು ಸೇರಬೇಕು. ಹೆಸರಿನ ಕೊನೆಯ ‘ಜಿ’ ಎಂದರೆ ಬೌದ್ಧ ದೇವಾಲಯ.

ರಾಜಕುಮಾರ ಶೋತೋಕುವಿನ ಕಾಲದಲ್ಲಿ, 607ರಲ್ಲಿ, ಹೋರ್ಯೂಜಿ ಸ್ಥಾಪಿತವಾಯಿತು. ನಮ್ಮ ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದು; ಐಹೊಳೆಯ ಮೇಗುಟಿ 634ರದು. ಇವೆರಡರ ನಡುವಿನ ಕಾಲವೆಂದು ಹೇಳಿದರೆ ಕನ್ನಡಿಗರಿಗೆ ಬೇಗ ಅಂದಾಜು ಸಿಗುತ್ತದೆ. ಆದರೆ ನಮ್ಮದು ಕಲ್ಲು, ಅದು ಮರ. 670ರಲ್ಲಿ ಹೋರ್ಯೂಜಿ ಸುಟ್ಟುಹೋಯಿತೆಂದು ಅಲ್ಲಿಯ ಪ್ರಾಚೀನ ಇತಿಹಾಸಗ್ರಂಥ ‘ನಿಹೊನ್ ಶೋಕಿ’ ಹೇಳುತ್ತದೆ. ಈಗಿನ ಮುಖ್ಯಮಂದಿರವೂ ಐದಂತಸ್ತಿನ ಗೋಪುರವೂ ಅನಂತರ ಕಟ್ಟಿದವು. ಆದರೂ ಇಡೀ ಜಗತ್ತಿನಲ್ಲಿ ಇಂದು ನಿಂತಿರುವ ಮರದ ಕಟ್ಟಡಗಳಲ್ಲಿ ಇವೇ ಅತ್ಯಂತ ಹಳೆಯವು. ಗೋಪುರದ ನಡುಗಂಬದ ಮರದ ಬಳೆಗಳನ್ನು ಎಣಿಸಿದ ವಿದ್ವಾಂಸರು ಆ ಮರ ಕಡಿದದ್ದು 594ರಲ್ಲಿ ಎಂದು ಗೊತ್ತುಮಾಡಿದ್ದಾರೆ. ಆ ಅಂಗಳದಲ್ಲಿ ನಿಂತಾಗ, ಮಳೆ, ಭೂಕಂಪ, ಬೆಂಕಿ ಮೂರೂ ಬಿಡದ ನಾಡಿನಲ್ಲಿ ಮರ ಹೀಗೆ ಉಳಿದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಹಿಡಿಯಿತು. ನಾರಾದ ಉಳಿದ ದಿನಗಳೆಲ್ಲ ಅದಕ್ಕೆ ಉತ್ತರ ಹುಡುಕುವುದರಲ್ಲೇ ಕಳೆದುವು.

ಉತ್ತರದ ಮೊದಲ ಭಾಗ ಹೋರ್ಯೂಜಿಯಲ್ಲೇ ಇದೆ. 1949ರ ಜನವರಿ 26ರಂದು ಮುಖ್ಯಮಂದಿರದಲ್ಲಿ ಬೆಂಕಿ ಬಿದ್ದು, ನಮ್ಮ ಅಜಂತದ ಚಿತ್ರಗಳೊಡನೆ ಹೋಲಿಸಲ್ಪಡುತ್ತಿದ್ದ ಭಿತ್ತಿಚಿತ್ರಗಳು ಹಾಳಾದುವು. ಜೀರ್ಣೋದ್ಧಾರಕ್ಕೆಂದು ಕಟ್ಟಡದ ಮೇಲ್ಭಾಗವನ್ನು ಅದಾಗಲೇ ಬಿಚ್ಚಿ ತೆಗೆದಿದ್ದರಿಂದ ಆ ಮರ ಉಳಿಯಿತು. ಯುದ್ಧದಲ್ಲಿ ಸೋತು, ಪರರ ಆಡಳಿತದಲ್ಲಿದ್ದ ದೇಶ ಅದು. ಹೊಟ್ಟೆಗೆ ಹಿಟ್ಟಿಲ್ಲದ ದಿನಗಳು. ಆದರೂ ಮರುವರ್ಷವೇ, 1950ರಲ್ಲಿ, ಸಾಂಸ್ಕೃತಿಕ ಸಂಪತ್ತನ್ನು ರಕ್ಷಿಸುವ ಕಾನೂನು ಅಲ್ಲಿ ಜಾರಿಗೆ ಬಂತು. ನಾವು ಗಣರಾಜ್ಯೋತ್ಸವ ಆಚರಿಸುವ ಅದೇ ಜನವರಿ 26 ಅಲ್ಲಿ ದೇವಾಲಯಗಳಲ್ಲಿ ಬೆಂಕಿ ನಂದಿಸುವ ಅಭ್ಯಾಸ ನಡೆಸುವ ದಿನ. ಕಳೆದುಕೊಂಡದ್ದನ್ನು ಮರೆಯದಿರುವುದಕ್ಕೂ ಅವರು ಒಂದು ದಿನವನ್ನು ಗೊತ್ತುಮಾಡಿಕೊಂಡಿದ್ದಾರೆ.

ಎರಡನೆಯ ದಿನವನ್ನು ನಾರಾದ ತೋದೈಜಿಗೆ ಮೀಸಲಿಡಬೇಕು. ಭಾರತೀಯರಿಗೆ ಇಲ್ಲಿ ಒಂದು ನೆಂಟಸ್ತಿಕೆಯಿದೆ. ಚಕ್ರವರ್ತಿ ಶೋಮು ಎರಕ ಹೊಯ್ಯಿಸಿದ, ಸುಮಾರು 15 ಮೀಟರು ಎತ್ತರದ ಕಂಚಿನ ಬುದ್ಧನಿಗೆ 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಆತ ದಕ್ಷಿಣ ಭಾರತದವನೆಂದು ಪರಂಪರೆ ಹೇಳುತ್ತದೆ. ಚೀನಕ್ಕೆ ಹೋಗಿದ್ದು, ಅಲ್ಲಿಂದ 736ರಲ್ಲಿ ಜಪಾನಿಗೆ ಬಂದು, 760ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನು ಹಿಡಿದ ಕುಂಚಕ್ಕೆ ಉದ್ದನೆಯ ದಾರವನ್ನು ಕಟ್ಟಿ, ನೆರೆದಿದ್ದವರು ಅದರ ಎಳೆಗಳನ್ನು ಹಿಡಿದುಕೊಂಡು ಪುಣ್ಯದಲ್ಲಿ ಪಾಲು ಪಡೆದರಂತೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಆಗಿನ್ನೂ ಹೊಸದು.

ಬೋಧಿಸೇನನು ಕಂಡ ಮಂದಿರವನ್ನು ಇಂದು ನಾವು ಕಾಣುವುದಿಲ್ಲ. 1180ರ ಅಂತರ್ಯುದ್ಧದಲ್ಲಿ ಅದು ಸುಟ್ಟಿತು. 1185ರಲ್ಲಿ ಮೂರ್ತಿಗೆ ಮತ್ತೆ ಕಣ್ಣು ಬರೆದಾಗ ನಿವೃತ್ತ ಚಕ್ರವರ್ತಿ ಗೋ-ಶಿರಾಕಾವಾ ಉಪಯೋಗಿಸಿದ್ದು ಅದೇ ಹಳೆಯ ಕುಂಚವನ್ನು. 1567ರಲ್ಲಿ ಮತ್ತೆ ಬೆಂಕಿ. ಅನಂತರ ಹಾಕಿದ ತಾತ್ಕಾಲಿಕ ಚಾವಣಿಯೂ ಗಾಳಿಗೆ ಬಿದ್ದು, ಬುದ್ಧನು ಸುಮಾರು ಒಂದು ಶತಮಾನ ಬಿಸಿಲು ಮಳೆಯಲ್ಲೇ ಕುಳಿತಿದ್ದನು. ಕೋಕೆ ಎಂಬ ಸಂನ್ಯಾಸಿ ಊರೂರು ತಿರುಗಿ ಹಣ ಕೂಡಿಸಿದ ಫಲವಾಗಿ 1709ರಲ್ಲಿ ಈಗಿನ ಮಂದಿರ ಪೂರ್ಣವಾಯಿತು. ಹಳೆಯದಕ್ಕೆ 11 ಅಂಕಣ. ಇದಕ್ಕೆ 7 ಮಾತ್ರ. ದೊಡ್ಡ ಮರಗಳು ಸಿಗದೆ ಸಣ್ಣ ಮರಗಳನ್ನು ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದು ಕಂಬ ಮಾಡಿದ್ದಾರೆ. ಬುದ್ಧನ ಮೂಗಿನ ಹೊಳ್ಳೆಯಷ್ಟು ಅಗಲದ್ದೆಂದು ಹೇಳುವ ತೂತಿನ ಕಂಬದಲ್ಲಿ ಮಕ್ಕಳು ನುಸುಳುವುದನ್ನು ನೋಡಲು ಜನ ಗುಂಪುಗೂಡುತ್ತಾರೆ. ಆ ಕಬ್ಬಿಣದ ಪಟ್ಟಿಗಳನ್ನೂ ತಪ್ಪದೆ ನೋಡಿ. ಇಲ್ಲದುದರಲ್ಲೇ ಮತ್ತೆ ಕಟ್ಟಿದವರ ಸಂಕಷ್ಟವೂ ಹಟವೂ ಅಲ್ಲಿ ಕಾಣುತ್ತವೆ.

ತೋದೈಜಿಯ ಹಿಂದೆ ಶೋಸೋಇನ್ ಎಂಬ ಮರದ ಭಂಡಾರವಿದೆ. 756ರಲ್ಲಿ, ಶೋಮು ಗತಿಸಿದ ಮೇಲೆ, ರಾಣಿ ಕೋಮ್ಯೋ ಅವನ ವಸ್ತುಗಳನ್ನು ಬುದ್ಧನಿಗೆ ಅರ್ಪಿಸಿದಳು. ಬೋಧಿಸೇನನ ಕುಂಚವೂ ಆ ದಾರವೂ ಇಲ್ಲಿಯ ಸಂಪತ್ತಿನಲ್ಲಿ ಸೇರಿವೆ. ಭಂಡಾರದೊಳಕ್ಕೆ ಪ್ರವೇಶವಿಲ್ಲ, ಆದರೆ ಪ್ರತಿವರ್ಷ ಶರತ್ಕಾಲದಲ್ಲಿ, ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ, ಕೆಲವು ವಸ್ತುಗಳನ್ನು ನಾರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸುತ್ತಾರೆ. ಪ್ರವಾಸದ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಲೇಸು.

ಮೂರನೆಯ ದಿನ ಯಾಕುಶಿಜಿಗೆ. ಅಲ್ಲಿ ಅವಳಿ ಗೋಪುರಗಳಿವೆ. ಪೂರ್ವದ್ದು 730ರದು, ಬಣ್ಣ ಮಾಸಿ ಬೂದಿಯಂತಾಗಿದೆ. ಪಶ್ಚಿಮದ್ದು 1528ರಲ್ಲಿ ಸುಟ್ಟು, 1981ರಲ್ಲಿ ಮರಳಿ ಎದ್ದಿತು. ಕೆಂಪು ಹಸಿರು ಇನ್ನೂ ಕಣ್ಣು ಕೋರೈಸುತ್ತವೆ. ಅದನ್ನು ಕಟ್ಟಿಸಿದವರು ಹೋರ್ಯೂಜಿಯ ವಂಶಪಾರಂಪರ್ಯದ ಬಡಗಿ ನಿಶಿಓಕಾ ತ್ಸುನೆಕಾಜು. ಮರ ವರ್ಷಗಳು ಕಳೆದಂತೆ ಕುಗ್ಗಿ ಕೂರುವುದೆಂದು ಲೆಕ್ಕಹಾಕಿ, ಹೊಸ ಗೋಪುರವನ್ನು ಹಳೆಯದಕ್ಕಿಂತ ತುಸು ಎತ್ತರವಾಗಿ ಕಟ್ಟಿದರು. ಎರಡೂ ಸಮವಾಗುವುದನ್ನು ನೋಡಲು ಅವರೂ ಇರುವುದಿಲ್ಲ, ನಾವೂ ಇರುವುದಿಲ್ಲ. ನಿಶಿಓಕಾ 1995ರಲ್ಲಿ ತೀರಿಕೊಂಡರು.

ಇಲ್ಲಿಯ ಮುಖ್ಯಮಂದಿರವನ್ನು 1976ರಲ್ಲಿ ಮರಳಿ ಕಟ್ಟಿದ ಬಗೆಯೂ ತಿಳಿಯತಕ್ಕದ್ದು. ಮಠಾಧಿಪತಿ ತಾಕಾದಾ ಕೋಇನ್ ದೊಡ್ಡ ಕಂಪೆನಿಗಳ ದಾನಕ್ಕೆ ಕೈಯೊಡ್ಡದೆ, ಜನರಿಂದ ‘ಪ್ರಜ್ಞಾಪಾರಮಿತಾ ಹೃದಯಸೂತ್ರ’ದ ಹತ್ತು ಲಕ್ಷ ಪ್ರತಿಗಳನ್ನು ಬರೆಯಿಸುವ ಸಂಕಲ್ಪ ಮಾಡಿದರು, ಪ್ರತಿ ಬರೆದವರು ಅದರೊಡನೆ ಸಣ್ಣ ಕಾಣಿಕೆ ಕೊಟ್ಟರು. ಸಂಕಲ್ಪ ಕೈಗೂಡಿತು. ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಪಾಠ ಹೇಳುವ ನನ್ನಂಥವನಿಗೆ ಇದನ್ನು ಕೇಳಿ ಪುಳಕವಾಗದೆ ಇದ್ದೀತೇ? ಪ್ರತಿ ಬರೆಯುವ ಪದ್ಧತಿ ಅಲ್ಲಿ ಇಂದಿಗೂ ಇದೆ. ನಾನೂ ಕುಂಚ ಹಿಡಿದು, ಅಚ್ಚಿನ ಮೇಲೆ ಕಾಗದವಿಟ್ಟು ಚೀನೀ ಅಕ್ಷರಗಳನ್ನು ತಿದ್ದಿದೆ. ಕೊನೆಯ ಮಂತ್ರವನ್ನು ಮಾತ್ರ ಅನುವಾದಿಸದೆ ಸಂಸ್ಕೃತದ ಧ್ವನಿಯಲ್ಲೇ ಉಳಿಸಿಕೊಂಡಿದ್ದಾರೆಂದು ತಿಳಿದಾಗ, ದೂರದ ಊರಿನಲ್ಲಿ ಮನೆಮಾತು ಕೇಳಿದಂತಾಯಿತು.

ಬಿಡುವಿದ್ದವರು ನಾರಾದಿಂದ ಎರಡು ಎರಡೂವರೆ ಗಂಟೆ ರೈಲಿನಲ್ಲಿ ಪ್ರಯಾಣ ಮಾಡಿ ಇಸೆಗೂ ಹೋಗಬೇಕು. ಅದು ಬೌದ್ಧರದಲ್ಲ, ಶಿಂತೋ ಧರ್ಮದ ಪರಮಕ್ಷೇತ್ರ. ಅಲ್ಲಿಯ ದೇವಾಲಯವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ, ದೇವರನ್ನು ಅಲ್ಲಿಗೆ ಬಿಜಯಮಾಡಿಸಿ, ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಮೊದಲಾದ ಈ ವಿಧಿ ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತಿತ್ತು. ಮತ್ತೆ ಹಿಡಿದು ನಡೆಸಿದರು. 62ನೆಯದು 2013ರಲ್ಲಿ ನಡೆಯಿತು, ಮುಂದಿನದು 2033ರಲ್ಲಿ. ಒಂದು ಸಲ ಕಿರಿಯನಾಗಿ ಕಲಿತ ಬಡಗಿ ಮುಂದಿನ ಸಲ ಹಿರಿಯನಾಗಿ ಕಲಿಸುತ್ತಾನೆ. ಕಟ್ಟಡಕ್ಕೆ 20 ವರ್ಷ; ವಿದ್ಯೆಗೆ 1300 ವರ್ಷ.

ಹೊಸದಾಗಿ ಕಟ್ಟಿದ್ದನ್ನು ಪುರಾತನವೆನ್ನಬಹುದೇ? ಪಾಶ್ಚಾತ್ಯ ವಿದ್ವಾಂಸರಲ್ಲಿ ಅನೇಕರು ಮೂಲದ್ರವ್ಯ ಉಳಿದಿದ್ದರಷ್ಟೇ ಪ್ರಾಚೀನ ಎನ್ನುತ್ತಿದ್ದರು. 1994ರಲ್ಲಿ ಇದೇ ನಾರಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು, ಸಾಚಾತನವನ್ನು ಆಯಾ ಸಂಸ್ಕೃತಿಯ ಅಳತೆಗೋಲಿನಿಂದಲೇ ಅಳೆಯಬೇಕು ಎಂಬ ನಿರ್ಣಯಕ್ಕೆ ಬಂತು.

ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು ನಮ್ಮ ಶಾಸನಗಳ ಒಂದು ಮಾತಿನಲ್ಲಿ. ಹಳಗನ್ನಡದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿ ಬಿಟ್ಟ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಮುರಿದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದಕ್ಕೆ ಎಂದು ಅದರ ಅರ್ಥ. ಗುಡಿ ಕಟ್ಟಿಸಿದ ದಿನವೇ ಅದು ಬಿರಿಯುವ ದಿನವನ್ನೂ ನೆನೆದು ಏರ್ಪಾಟು ಮಾಡಿದ ವಿವೇಕಿಗಳು ನಮ್ಮ ಹಿರಿಯರು. ಮರವನ್ನು ನಂಬಿದ ಜಪಾನೀಯರಿಗೆ ಆ ವಿವೇಕವನ್ನು ಬಿಟ್ಟರೆ ಗತಿಯಿರಲಿಲ್ಲ. ಕಲ್ಲನ್ನು ನಂಬಿದ ನಾವು, ಕಲ್ಲು ತನ್ನನ್ನು ತಾನೇ ನೋಡಿಕೊಂಡೀತೆಂದು ಕಡಿದವನ ಕೈಯನ್ನು ಮರೆತೆವು.

ಆದುದರಿಂದ ಜಪಾನಿಗೆ ಹೋಗುವವರು ನಾರಾದಲ್ಲಿ ವಿಗ್ರಹಗಳಷ್ಟೇ ಲಕ್ಷ್ಯವಿಟ್ಟು ತೇಪೆಗಳನ್ನೂ ನೋಡಿರಿ: ಹಳೆಯ ಕಂಬದ ಬುಡಕ್ಕೆ ಕೂರಿಸಿದ ಹೊಸ ತುಂಡು, ಮಾಸಿದ ತೊಲೆಯ ಪಕ್ಕದ ಬಿಳಿಯ ತೊಲೆ. ಅಲ್ಲಿಯ ಇತಿಹಾಸವನ್ನು ಅವುಗಳಲ್ಲಿಯೂ ಓದಬಹುದು. ನಮ್ಮ ಊರಿನ ಗುಡಿಯ ಮುಂದೆ ಶಾಸನದ ಕಲ್ಲಿದ್ದರೆ, ಅದರಲ್ಲಿ ಆ ಒಂದು ಮಾತು ಇದೆಯೇ ಎಂದು ಹುಡುಕುವುದಕ್ಕೆ ಜಪಾನಿನವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ.